ಹಿತ್ತಲ ಗಿಡ, ಘಾಟ್ಕೋಪರಿನ ಮಣ್ಣು

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆಯದವರು ನಮ್ಮಲ್ಲಿ ಕಡಿಮೆ. ಮುಂಬಯಿಗೆ ಬಂದ ಮೇಲೆ ನನಗೆ ಆ ಗಾದೆಯ ಮೇಲೆ ಒಂದು ತಕರಾರು ಹುಟ್ಟಿತು. ಮದ್ದಿನ ಮಾತು ಆಮೇಲೆ ಇರಲಿ, ಮೊದಲು ಹಿತ್ತಲು ಎಲ್ಲಿದೆ?

ನಮ್ಮ ಮಟ್ಟಿಗೆ ಅದು ಇದೆ, ಸದ್ಯಕ್ಕೆ. ಘಾಟ್ಕೋಪರ್ ಪೂರ್ವದಲ್ಲಿ ನಮ್ಮ ನಾಲ್ಕು ಮಾಳಿಗೆಯ ಹಳೆಯ ಕಟ್ಟಡದ ಹಿಂದೆ, ಕಂಪೌಂಡ್ ಗೋಡೆಗೂ ನೀರಿನ ಟಾಂಕಿಗೂ ನಡುವೆ, 30 ಅಡಿ ಉದ್ದ 5 ಅಡಿ ಅಗಲದ ಒಂದು ಮಣ್ಣಿನ ಪಟ್ಟಿ. ನನ್ನ ಅತ್ತೆ ಮದುವೆಯಾಗಿ ಈ ಕಟ್ಟಡಕ್ಕೆ ಬಂದಾಗಿನಿಂದ ಅದನ್ನು "ಹಿತ್ತಲು" ಎಂದೇ ಕರೆಯುತ್ತಾರೆ. ಅಲ್ಲಿ ಒಂದು ಕರಿಬೇವು, ಒಂದು ಸಾಲು ಅರಸಿನ, ಟಾಂಕಿಯ ನೆರಳಲ್ಲಿ ಒಂದೆಲಗ, ಸಾಂಬ್ರಾಣಿ ಸೊಪ್ಪು ಮತ್ತು ಮಜ್ಜಿಗೆ ಹುಲ್ಲು ಇವೆ. ಈ ಮಜ್ಜಿಗೆ ಹುಲ್ಲು ಮೊದಲ ಮಾಳಿಗೆಯ ಗುಜರಾತಿ ಬಾ ಅವರಿಗೆ "ಲೀಲಿ ಚಾ", ಪಕ್ಕದ ಮರಾಠಿ ಕಾಕೂಗೆ "ಗವತಿ ಚಹಾ". ಮೂವರೂ ಒಂದೇ ಬುಡದಿಂದ ಕೊಯ್ಯುತ್ತಾರೆ.

ಈ ವರ್ಷ ನಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ನಕ್ಷೆಯಲ್ಲಿ ಆ ಪಟ್ಟಿ ಇರುವ ಜಾಗದಲ್ಲಿ ಕಾರು ಪಾರ್ಕಿಂಗಿನ ಇಳಿಜಾರು ಇದೆ. ಅದನ್ನು ನೋಡಿದ ದಿನದಿಂದ ನಾನು ಈ ಐದು ಅಡಿ ಅಗಲದ ಮಣ್ಣಿನ ಚರಿತ್ರೆಯನ್ನು ಹುಡುಕತೊಡಗಿದೆ. ಕಂಪ್ಯೂಟರಿನ ಮುಂದೆ ಕುಳಿತು ಸಂಬಳ ಪಡೆಯುವವಳು ನಾನು, ಇತಿಹಾಸ ನನ್ನ ವಿಷಯವಲ್ಲ. ಆದರೆ ತಪ್ಪು ಎಲ್ಲಿ ನುಸುಳಿತು ಎಂದು ಹಿಂದಕ್ಕೆ ಹೋಗಿ ಹುಡುಕುವುದು ನನ್ನ ಕಸುಬಿನ ಅಭ್ಯಾಸ. ಹುಡುಕಾಟ ಆರಂಭವಾದದ್ದೂ ಒಂದು ತಪ್ಪಿನಿಂದಲೇ.

ಎರಡು ವರ್ಷದ ಹಿಂದೆ ಕರಿಬೇವಿನ ಚಿಗುರು ಹಳದಿಯಾಗತೊಡಗಿತು. ನರಗಳು ಮಾತ್ರ ಹಸಿರು, ಉಳಿದ ಎಲೆ ನಿಂಬೆಹಣ್ಣಿನ ಬಣ್ಣ. ಅತ್ತೆ ನೋಡಿ, "ಬೂದಿ ಕಡಿಮೆಯಾಗಿದೆ ಮಾರಾಯ್ತಿ, ಬೂದಿ ಹಾಕಿದರೆ ಸರಿಯಾಗ್ತದೆ" ಎಂದರು. ಕಾರ್ಕಳದ ಹತ್ತಿರದ ಊರಿಗೆ ಹೋದವರು ಬಚ್ಚಲ ಒಲೆಯ ಬೂದಿಯನ್ನು ಅಕ್ಕಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ತಂದರು. ಬುಡಕ್ಕೆ ಹಾಕಿದೆವು. ಒಂದು ತಿಂಗಳಲ್ಲಿ ಗಿಡ ಇನ್ನೂ ಹಳದಿಯಾಯಿತು. ಅತ್ತೆ ಮಾತಾಡಲಿಲ್ಲ. ಅವರ ಅಮ್ಮ, ಅಜ್ಜಿ ಎಲ್ಲರೂ ಮಾಡಿದ ಮದ್ದು ಅದು. ಅದು ಸುಳ್ಳಾಯಿತೆಂಬುದು ಗಿಡ ಹೋದುದಕ್ಕಿಂತ ದೊಡ್ಡ ಬೇಸರ.

ಮದ್ದು ಸುಳ್ಳಾಗಿರಲಿಲ್ಲ. ಅದು ಬೇರೆ ಮಣ್ಣಿನ ಮದ್ದಾಗಿತ್ತು, ಅಷ್ಟೆ. ಈ ಮಾತು ನನಗೆ ತಿಳಿಯಲು ನಾಲ್ಕೈದು ಶತಮಾನ ಹಿಂದೆ ಹೋಗಬೇಕಾಯಿತು.

ನಮ್ಮ ಮುಂಬಯಿಯ ಸಾಂಬಾರ ಗಿಡಗಳ ಲಿಖಿತ ಚರಿತ್ರೆ ಒಬ್ಬ ಪೋರ್ಚುಗೀಸ್ ವೈದ್ಯನಿಂದ ಶುರುವಾಗುತ್ತದೆ ಎಂದರೆ ತಪ್ಪಾಗದು. ಅವನ ಹೆಸರು ಗಾರ್ಸಿಯಾ ದ ಓರ್ತಾ. 1534ರಲ್ಲಿ ಗೋವೆಗೆ ಬಂದವನು. 1550ರ ದಶಕದಲ್ಲಿ ಮುಂಬಯಿ ದ್ವೀಪವನ್ನೇ ಅವನಿಗೆ ಗೇಣಿಗೆ ಕೊಡಲಾಯಿತು. ಇಂದಿನ ಕೋಟೆ ಪ್ರದೇಶದಲ್ಲಿ, ಏಷಿಯಾಟಿಕ್ ಲೈಬ್ರರಿಯ ಹಿಂಭಾಗದ ನೌಕಾನೆಲೆಯ ಜಾಗದಲ್ಲಿ, ಅವನ ಮನೆಯೂ ತೋಟವೂ ಇದ್ದವು. ತನ್ನ ದ್ವೀಪದ ಒಂದು ಮಾವಿನ ಮರ ವರ್ಷಕ್ಕೆ ಎರಡು ಸಲ ಹಣ್ಣು ಬಿಡುತ್ತದೆ ಎಂದು ಅವನು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಪುಸ್ತಕ ಭಾರತದ ಮದ್ದಿನ ಗಿಡಗಳು ಮತ್ತು ಸಾಂಬಾರ ಪದಾರ್ಥಗಳ ಬಗ್ಗೆ ಇಬ್ಬರು ನಡೆಸುವ ಸಂಭಾಷಣೆಯ ರೂಪದಲ್ಲಿದೆ. ಕಾಳುಮೆಣಸು, ಶುಂಠಿ, ಅರಸಿನ, ಏಲಕ್ಕಿ, ದಾಲ್ಚಿನ್ನಿ ಎಲ್ಲಕ್ಕೂ ಅದರಲ್ಲಿ ಜಾಗವಿದೆ.

ಆ ಪುಸ್ತಕದಲ್ಲಿ ನನಗೆ ಹಿಡಿಸಿದವಳು ಅಂತೋನಿಯಾ. ಮನೆಯ ಕೆಲಸದ ಹುಡುಗಿ. ಇಬ್ಬರು ಗಂಡಸರು ಕುಳಿತು ಗಿಡದ ಗುಣ ಚರ್ಚಿಸುತ್ತಿದ್ದರೆ, "ಅಂತೋನಿಯಾ" ಎಂದು ಕೂಗಿದಾಗ ಹೋಗಿ ಗಿಡವನ್ನೋ ಕಾಯನ್ನೋ ತಂದು ಮುಂದಿಡುವವಳು ಅವಳು. ಯಾವುದು ಎಲ್ಲಿದೆ ಎಂದು ಅವಳಿಗೆ ಗೊತ್ತು. ಪುಸ್ತಕ ಯುರೋಪಿನಲ್ಲಿ ಹೆಸರು ಮಾಡಿತು, ನಾಲ್ಕೇ ವರ್ಷದಲ್ಲಿ ಲ್ಯಾಟಿನ್ನಿನಲ್ಲಿ ಸಂಗ್ರಹವಾಗಿ ಬಂತು. ಓರ್ತಾನ ಕಥೆ ಸುಖಾಂತವಲ್ಲ. ಅವನು ಯಹೂದಿ ಮೂಲದವನು. 1568ರಲ್ಲಿ ತೀರಿಕೊಂಡ ಮೇಲೆ ಧರ್ಮವಿಚಾರಣೆಯವರು ಅವನ ತಂಗಿ ಕತರೀನಾಳನ್ನು ಗೋವೆಯಲ್ಲಿ ಸುಟ್ಟರು. 1580ರಲ್ಲಿ ಅವನ ಎಲುಬನ್ನೂ ಅಗೆದು ತೆಗೆದು ಸುಟ್ಟರು.

ಆಗ ನಮ್ಮ ಘಾಟ್ಕೋಪರ್ ಮುಂಬಯಿ ಆಗಿರಲಿಲ್ಲ. ಅದು ಸಾಷ್ಟಿ ದ್ವೀಪದ ಪೂರ್ವದ ಅಂಚು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಠಾಣೆಯ ಖಾರಿ ಮತ್ತು ಉಪ್ಪಿನ ಗದ್ದೆ. ಮುಂಬಯಿ 1661ರ ಮದುವೆಯ ಒಪ್ಪಂದದಲ್ಲಿ ಇಂಗ್ಲಿಷರ ಪಾಲಾದರೂ ಸಾಷ್ಟಿ ಪೋರ್ಚುಗೀಸರಲ್ಲೇ ಉಳಿಯಿತು. 1739ರಲ್ಲಿ ಮರಾಠರು ಗೆದ್ದರು, 1774ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ನಮ್ಮೂರಿನ ಮೇಲಿಂದಲೇ ಹೋಯಿತು. ಮಹಾನಗರ ಪಾಲಿಕೆಯ ಗಡಿ ಇಲ್ಲಿಯವರೆಗೆ ಚಾಚಿದ್ದು 1950ರಲ್ಲಿ. ಇಷ್ಟೆಲ್ಲ ಸರಕಾರ ಬದಲಾದರೂ ಅಡಿಯ ಕಲ್ಲು ಬದಲಾಗಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಗಟ್ಟಿಯಾದ ಕಪ್ಪುಕಲ್ಲು ಇದು. ಅದು ಕರಗಿ ಆದ ಮಣ್ಣಿನಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ ಧಾರಾಳ. ಖಾರಿಯ ಕಡೆ ಹೋದರೆ ಉಪ್ಪು. ಗುಡ್ಡದ ಕಡೆ ತೆಳ್ಳಗಿನ ಮುರುಮಿನ ಪದರ. 2000ದ ಜುಲೈ ಮಳೆಯಲ್ಲಿ ಘಾಟ್ಕೋಪರ್ ಪಶ್ಚಿಮದ ಆಜಾದ್ ನಗರದ ಗುಡ್ಡ ಜರಿದು ಮನೆಮಠಗಳ ಜೊತೆ ಎಷ್ಟೋ ಜೀವಗಳು ಹೋದವು. ಆ ಕಡೆಯವರು ಇಂದಿಗೂ ಮಳೆ ಜೋರಾದರೆ ರಾತ್ರಿ ಮಲಗುವುದಿಲ್ಲ. ಮಣ್ಣಿನ ಮಾತು ಬಂದಾಗ ಅದನ್ನು ಬಿಟ್ಟು ಬರೆಯಲು ಮನಸ್ಸಾಗಲಿಲ್ಲ.

ಇನ್ನು ಅತ್ತೆಯ ಬೂದಿ ಹುಟ್ಟಿದ ಮಣ್ಣಿಗೆ ಬರೋಣ.

ಟಿಪ್ಪು ಸುಲ್ತಾನ 1799ರಲ್ಲಿ ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರಲು ಕಳುಹಿಸಿದ. ಯಾರು ಏನು ಬೆಳೆಯುತ್ತಾರೆ, ಹೇಗೆ ಬೆಳೆಯುತ್ತಾರೆ, ಕಂದಾಯ ಎಷ್ಟು ಎಂದು ಬರೆದುಕೊಂಡು ಬರುವುದು ಅವನ ಕೆಲಸ. ಆಳುವವರ ಲೆಕ್ಕಪತ್ರ ಅದು, ನಮ್ಮ ಮೇಲಿನ ಪ್ರೀತಿಯಿಂದ ಬರೆದದ್ದಲ್ಲ. ಹಾಗಿದ್ದರೂ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂದ ಆ ಬರಹವಿಲ್ಲದಿದ್ದರೆ ನಮ್ಮ ಅಂದಿನ ತೋಟಗಳ ಕಥೆ ಅರ್ಧ ಮರೆತುಹೋಗುತ್ತಿತ್ತು. ಮಲಬಾರಿನ ಅಂಗಡಿಪುರದಲ್ಲಿ ಅವನು ಒಂದು ವಿಚಿತ್ರ ಮಣ್ಣು ನೋಡಿದ. ನೆಲದಲ್ಲಿರುವಾಗ ಮೆತ್ತಗೆ, ಕೊಡಲಿಯಿಂದ ಇಟ್ಟಿಗೆಯಂತೆ ಕಡಿಯಬಹುದು. ಗಾಳಿಗೆ ಒಡ್ಡಿದರೆ ಕಲ್ಲು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆಂದು ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಇಂದು ಜಗತ್ತಿನ ಭೂವಿಜ್ಞಾನವೆಲ್ಲ ಬಳಸುವ ಆ ಹೆಸರಿನ ವಸ್ತು ನಮ್ಮ ಊರಿನ ಮುರಕಲ್ಲು, ಜಂಬಿಟ್ಟಿಗೆ. ನಮ್ಮ ತವರುಮನೆಗಳ ಗೋಡೆ, ಬಾವಿಕಟ್ಟೆ ಎಲ್ಲ ಅದರದ್ದೇ.

ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ನೀರು ಸಾವಿರಾರು ವರ್ಷ ಮಣ್ಣಿನ ಸುಣ್ಣ, ಪೊಟ್ಯಾಷ್ ಎಲ್ಲವನ್ನೂ ತೊಳೆದು ಕಡಲಿಗೆ ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿಸಿದೆ. ಆದ್ದರಿಂದಲೇ ಕೆಂಪು, ಆದ್ದರಿಂದಲೇ ಹುಳಿ. ಅಂಥ ಹುಳಿಮಣ್ಣಿಗೆ ಬೂದಿ ಬಿದ್ದರೆ ಎರಡು ಲಾಭ, ಪೊಟ್ಯಾಷ್ ಸಿಗುತ್ತದೆ, ಹುಳಿಯೂ ತಗ್ಗುತ್ತದೆ. ತುಳುನಾಡಿನಲ್ಲಿ ಸೊಪ್ಪು, ತರಗೆಲೆ, ಮಣ್ಣನ್ನು ಪದರ ಪದರವಾಗಿ ಒಟ್ಟಿ ಬೆಂಕಿ ಕೊಟ್ಟು ಮಾಡುವ ಸುಡುಮಣ್ಣು ಇದೇ ಕೆಲಸ ಮಾಡುತ್ತದೆ. ಮಲ್ಲಿಗೆಗೂ ಬಸಳೆಗೂ ಅದನ್ನು ಹಾಕಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಪಿಎಚ್ ಎಂಬ ಪದ ಹುಟ್ಟುವ ಮೊದಲೇ ನಮ್ಮ ಅಜ್ಜಿಯಂದಿರು ಪಿಎಚ್ ತಿದ್ದುತ್ತಿದ್ದರು.

ಆದರೆ ಘಾಟ್ಕೋಪರಿನ ನಮ್ಮ ಪಟ್ಟಿಯ ಮಣ್ಣನ್ನು ನಾನು ಪಟ್ಟಿಕಾಗದದಲ್ಲಿ ಪರೀಕ್ಷಿಸಿದಾಗ ಬಂದದ್ದು 8ಕ್ಕಿಂತ ಮೇಲೆ. ಹುಳಿಯಲ್ಲ, ಕ್ಷಾರ. ಮೂಲದಲ್ಲೇ ಸುಣ್ಣವಿರುವ ಮಣ್ಣು, ಅದರ ಮೇಲೆ ಪ್ರತಿ ಸಲ ಯಾರಾದರೂ ಬಾತ್‌ರೂಮು ಒಡೆದಾಗ ಹಿಂದೆ ಸುರಿದ ಡೆಬ್ರಿಸ್, ಸಿಮೆಂಟು, ಗಾರೆ. ಅಂಥಲ್ಲಿ ಮಣ್ಣಿನೊಳಗೆ ಕಬ್ಬಿಣವಿದ್ದರೂ ಬೇರಿಗೆ ಸಿಗುವ ರೂಪದಲ್ಲಿರುವುದಿಲ್ಲ. ಚಿಗುರು ಹಳದಿ, ನರ ಹಸಿರು ಎಂಬುದು ಕಬ್ಬಿಣದ ಹಸಿವಿನ ಗುರುತು. ನಮ್ಮ ಹೆಣ್ಣುಮಕ್ಕಳ ರಕ್ತಹೀನತೆಯ ಹಾಗೆಯೇ. ಅದಕ್ಕೆ ನಾವು ಮತ್ತೆ ಕ್ಷಾರವನ್ನೇ, ಬೂದಿಯನ್ನೇ ಉಣಿಸಿದೆವು.

ಗಿಡ ಬೆಳೆಸಲು ಮಣ್ಣನ್ನು ಹೊರಗಿನಿಂದ ತಂದು ಕಟ್ಟಬೇಕೆಂಬುದು ಮುಂಬಯಿಯ ಫ್ಲ್ಯಾಟಿನವರ ಹೊಸ ಕಷ್ಟವೇನಲ್ಲ. ಘಟ್ಟದ ಮೇಲಿನ ಶಿರಸಿ, ಸೋಂದೆಯ ಅಡಿಕೆ ತೋಟಗಳು ನಿಂತಿರುವುದೇ ಹಾಗೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ, ನಡುವೆ ಬಾಳೆ. ಬುಕಾನನ್ 1801ರಲ್ಲಿ ಈ ತೋಟಗಳನ್ನು ನೋಡಿ ಹವ್ಯಕರ ಬೇಸಾಯವನ್ನು ವಿವರವಾಗಿ ಬರೆದ. ಪಕ್ಕದ ಕಾಡಿನಿಂದ ಸೊಪ್ಪು ಕಡಿದು ತಂದು, ಕೊಟ್ಟಿಗೆಯಲ್ಲಿ ಹಾಸಿ, ಸಗಣಿಯೊಡನೆ ಗೊಬ್ಬರವಾದ ಮೇಲೆ ಮರದ ಬುಡಕ್ಕೆ ಹಾಕುತ್ತಾರೆ. ಆ ಕಾಡಿಗೆ ಸೊಪ್ಪಿನ ಬೆಟ್ಟ ಎಂದು ಹೆಸರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಉತ್ತರ ಕನ್ನಡದಲ್ಲಿದೆ. ಅಂದರೆ ಒಂದು ಪಾಲು ಮಣ್ಣು ಬದುಕಲು ಒಂಬತ್ತು ಪಾಲು ಎಲೆ ಉದುರಬೇಕು. ಆ ಸೊಪ್ಪಿನ ಹೊರೆಗಳನ್ನು ತಲೆಯ ಮೇಲೆ ಹೊತ್ತವರಲ್ಲಿ ಹೆಂಗಸರೇ ಹೆಚ್ಚು. ಅವರ ಹೆಸರು ಯಾವ ಸಂಪುಟದಲ್ಲೂ ಇಲ್ಲ.

ಇಲ್ಲಿ ನಮಗೆ ಮುಂಬಯಿಯವರಿಗೆ ಒಂದು ಸಂಬಂಧವೂ ಇದೆ. ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದ ಬಂದರಿನ ಮೂಲಕ ಧಾರವಾಡದ ಹತ್ತಿ ಬೇಕಾಗಿತ್ತು ಇಲ್ಲಿನ ವ್ಯಾಪಾರಿಗಳಿಗೆ. 1956ರವರೆಗೆ ಶಿರಸಿಯ ಬೆಟ್ಟದ ಸೊಪ್ಪು ಯಾರಿಗೆ ಎಷ್ಟು ಎಂಬ ಕಾನೂನು ತೀರ್ಮಾನವಾಗುತ್ತಿದ್ದದ್ದು ಈ ಮುಂಬಯಿಯಲ್ಲಿ.

ಕಾಳುಮೆಣಸಿನ ಮಾತು ಬಂದ ಮೇಲೆ ರಾಣಿಯರನ್ನು ಬಿಟ್ಟು ಹೋಗುವಂತಿಲ್ಲ. ಮಹಿಳಾ ವಿಭಾಗದ ಸಂಚಿಕೆಯಲ್ಲಂತೂ ಕೂಡದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 16ನೇ ಶತಮಾನದ ಉತ್ತರಾರ್ಧದಲ್ಲಿ ಶರಾವತಿಯ ದಂಡೆಯಿಂದ ಆಳಿದವಳು. ಅವಳ ನಾಡಿನ ಮೆಣಸು ಹೊನ್ನಾವರ, ಭಟ್ಕಳದ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು 'ರೈನ್ಹಾ ದ ಪಿಮೆಂತಾ', ಮೆಣಸಿನ ರಾಣಿ ಎಂದು ಕರೆದರು. ಕೆಳದಿಯವರ ಕೈಯಲ್ಲಿ ಅವಳ ರಾಜ್ಯ ಮುಗಿಯಿತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಆ ದಾರಿಯಲ್ಲಿ ಇಕ್ಕೇರಿಗೆ ಹೋದಾಗ ಗೇರುಸೊಪ್ಪೆ ಹಾಳುಬಿದ್ದಿತ್ತು. ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನೂ ಕಂಡ. ಅರಮನೆಯಲ್ಲಲ್ಲ, ದಾರಿಯಲ್ಲಿ. ಬರಿಗಾಲಿನಲ್ಲಿದ್ದಳು, ನೀರಿನ ಕಾಲುವೆ ತೋಡುವ ಕೆಲಸ ನೋಡಿಕೊಳ್ಳುತ್ತಿದ್ದಳು. ಅವನಿಗೆ ಅವಳು ಅಡುಗೆಮನೆಯ ಹೆಂಗಸಿನಂತೆ ಕಂಡಳಂತೆ. ಮಾತಾಡಿದಾಗ ಮಾತ್ರ ರಾಣಿ ಎಂದು ಗೊತ್ತಾಯಿತಂತೆ. ನೀರು ಮತ್ತು ಮಣ್ಣಿನ ಉಸ್ತುವಾರಿಗೆ ರೇಷ್ಮೆ ಉಟ್ಟು ಹೋಗಲಾಗುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಅವರ ಕಾಲದಲ್ಲಿ 'ಮೆಣಸು' ಎಂದರೆ ಕಾಳುಮೆಣಸೇ. ಕೆಂಪು ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, 1498ರ ಅನಂತರ. 16ನೇ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದಾಗ ನಮ್ಮ ಅಡುಗೆಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಅದಕ್ಕೂ ಐನೂರು ವರ್ಷ ಮೊದಲು, ಸುಮಾರು 1025ರಲ್ಲಿ, ಚಾವುಂಡರಾಯ 'ಲೋಕೋಪಕಾರಂ' ಎಂಬ ಗ್ರಂಥದಲ್ಲಿ ಅಡುಗೆ, ಅಂತರ್ಜಲ, ಗಿಡಮರಗಳ ಆರೈಕೆ ಎಲ್ಲವನ್ನೂ ಒಟ್ಟಿಗೆ ಬರೆದಿದ್ದ. ಅಡುಗೆಮನೆಯೂ ತೋಟವೂ ಒಂದೇ ಪುಸ್ತಕದಲ್ಲಿ ಇರಬೇಕೆಂದು ಅವನಿಗೆ ಸಹಜವಾಗಿ ತೋಚಿತ್ತು. ಹೊಸ ಮೆಣಸಿನಕಾಯಿ ಬಂದು ಹಳೆಯದರ ಹೆಸರನ್ನೇ ಎತ್ತಿಕೊಂಡಿತು. ಪಾಪ, ಹಳೆಯದು ತನ್ನ ಹೆಸರಿಗೆ ಕರಿ, ಕಾಳು ಎಂದು ಬಾಲ ಅಂಟಿಸಿಕೊಳ್ಳಬೇಕಾಯಿತು. ನಮ್ಮ ಕರಾವಳಿಯವರು ಮಾತ್ರ ಪಕ್ಷಪಾತ ಬಿಡಲಿಲ್ಲ, ಅದನ್ನು ಇಂದಿಗೂ 'ಒಳ್ಳೆಮೆಣಸು' ಎನ್ನುತ್ತಾರೆ. ಹೊಸದು ಕೆಟ್ಟದೇ ಎಂದು ಕೇಳಬೇಡಿ. ಬ್ಯಾಡಗಿ ಮೆಣಸಿಲ್ಲದ ಕೋಳಿ ಸುಕ್ಕ ಯಾರಿಗೆ ಬೇಕು?

ಇಷ್ಟು ಓದಿದ ಮೇಲೆ ಕರಿಬೇವಿಗೆ ನಾವು ಮಾಡಿದ್ದು ಹೆಚ್ಚೇನಲ್ಲ. ಬೇರಿಗೆ ಪೆಟ್ಟಾಗದ ಹಾಗೆ ಸುತ್ತ ಎರಡು ಅಡಿ ಅಗೆದು ಗಾರೆಯ ತುಂಡುಗಳನ್ನು ಆಯ್ದು ತೆಗೆದೆವು, ಮೂರು ಬುಟ್ಟಿ ಆಯಿತು. ಹಳೆಯ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ಸ್ವಲ್ಪ ಗಂಧಕದ ಪುಡಿ ಸೇರಿಸಿದೆವು. ಬೂದಿ ನಿಲ್ಲಿಸಿದೆವು. ಹುಳಿ ಮಜ್ಜಿಗೆ ಸುರಿಯುವುದನ್ನು ಅತ್ತೆ ನಿಲ್ಲಿಸಲಿಲ್ಲ, ನಾನೂ ಬೇಡವೆನ್ನಲಿಲ್ಲ. ಮಜ್ಜಿಗೆಯೊಂದರಿಂದಲೇ ಮಣ್ಣು ಬದಲಾಗದು, ಆದರೆ ದಿಕ್ಕು ಸರಿಯಾಗಿದೆ. ಕಂಪೌಂಡಿನ ಮರಗಳ ತರಗೆಲೆಯನ್ನು ಗುಡಿಸಿ ಸುಡುತ್ತಿದ್ದುದನ್ನು ನಿಲ್ಲಿಸಿ ಹಿಂದೆ ಒಟ್ಟತೊಡಗಿದೆವು. ಅದು ನಮ್ಮ ಸೊಪ್ಪಿನ ಬೆಟ್ಟ. ಆರು ತಿಂಗಳ ಮೇಲೆ ಚಿಗುರು ಹಸಿರಾಗಿ ಬಂತು.

"ಹಾಗಾದರೆ ನಮ್ಮ ಅಮ್ಮ ಹೇಳಿದ್ದು ತಪ್ಪಾ?" ಎಂದು ಅತ್ತೆ ಕೇಳಿದರು.

"ಅಲ್ಲ ಅತ್ತೆ, ಕಾರ್ಕಳದಲ್ಲಿ ಅದೇ ಸರಿ. ಇಲ್ಲಿಯ ಮಣ್ಣು ಬೇರೆ."

ಅವರು ಸ್ವಲ್ಪ ಹೊತ್ತು ಯೋಚಿಸಿ, "ನಲವತ್ತು ವರ್ಷ ಆಯ್ತು ಬಂದು. ಮಣ್ಣು ಬೇರೆ ಅಂತ ಯಾರೂ ಹೇಳಲಿಲ್ಲ ನೋಡು" ಎಂದರು.

ಸೊಸೈಟಿಯ ಸಭೆಯಲ್ಲಿ ನಾನು ಎದ್ದು ನಿಂತು, ಹೊಸ ಕಟ್ಟಡದಲ್ಲಿ ಸ್ಲಾಬಿನ ಮೇಲೆ ಹುಲ್ಲುಹಾಸು ಬೇಡ, ನೆಲಕ್ಕೆ ತಾಗಿದ ಐದು ಅಡಿ ಮಣ್ಣು ಬಿಡಿ ಎಂದು ಕೇಳಿದೆ. ಕೆಲವರು ನಕ್ಕರು. ಒಂದು ಕಾರಿನ ಜಾಗದ ಬೆಲೆ ಎಷ್ಟು ಗೊತ್ತೇ ಎಂದು ಒಬ್ಬರು ಕೇಳಿದರು. ಗೊತ್ತು. ನಮಗೂ ಒಂದು ಕಾರು ಇದೆ. ಮೊದಲ ಮಾಳಿಗೆಯ ಬಾ ಎದ್ದು ನನ್ನ ಪಕ್ಕ ನಿಂತರು, ಆಮೇಲೆ ಕಾಕೂ. ನಮ್ಮ ಬೇಡಿಕೆ ನಡಾವಳಿಯಲ್ಲಿ ದಾಖಲಾಗಿದೆ. ಬಿಲ್ಡರಿನಿಂದ ಉತ್ತರ ಬರಬೇಕು.

ಫೆಬ್ರವರಿಯಲ್ಲಿ ಅರಸಿನದ ಎಲೆ ಒಣಗಿತು. ನಾಗರಪಂಚಮಿಗೆ ಕಡುಬು ಮಾಡಲು ಎಲೆ ಕೊಯ್ದ ಸಾಲು ಅದೇ. ಅತ್ತೆ ಇಡೀ ಸಾಲನ್ನು ಅಗೆದರು. ಬಾ ಅವರಿಗೆ ಉಪ್ಪು ನಿಂಬೆಯಲ್ಲಿ ಹಾಕಲು ಹಸಿ 'ಲೀಲಿ ಹಳದರ್' ಒಂದು ಡಬ್ಬಿ. ಕಾಕೂಗೆ ಒಂದು ಡಬ್ಬಿ. ಬೀಜಕ್ಕೆಂದು ಉಳಿಸಿದ ಗೆಡ್ಡೆಗಳನ್ನು ಮರಳಿನಲ್ಲಿ ಹುಗಿದು ಅಡುಗೆಮನೆಯ ಮೂಲೆಯಲ್ಲಿಟ್ಟಿದ್ದಾರೆ. ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು ತುಂಬ ಹಿತ್ತಲಿನ ಮಣ್ಣು, ನಾವು ಎರಡು ವರ್ಷ ತಿದ್ದಿದ ಮಣ್ಣು. ಬಾಡಿಗೆ ಮನೆಗೆ ಹೋಗುವಾಗ ಟೆಂಪೋದಲ್ಲಿ ಮೊದಲು ಅದನ್ನೇ ಹತ್ತಿಸಬೇಕೆಂದು ಅತ್ತೆಯ ಅಪ್ಪಣೆಯಾಗಿದೆ.